ಮುಂದೆ ಬಿಚ್ಚುವವರಿಗೆ

"ನನ್ನ ಗಾಡಿ, ನನ್ನ ದುಡ್ಡು, ನನ್ನ ಸ್ಪ್ಯಾನರು. ನಡುವೆ ಕೇಳೋಕೆ ನೀವ್ಯಾರು?" ಹಳೇ ಬುಲೆಟ್ ಇಟ್ಟುಕೊಂಡವರ ನಡುವೆ ಓಡಾಡಿದರೆ ಈ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಸೈಲೆನ್ಸರ್ ಬದಲಿಸಿದವನೂ ಇದನ್ನೇ ಹೇಳುತ್ತಾನೆ, ಹ್ಯಾಂಡಲ್ ಎತ್ತರಿಸಿದವನೂ ಇದನ್ನೇ ಹೇಳುತ್ತಾನೆ, ಲಡಾಖಿಗೆ ಹೊರಡುವ ಮುಂಚೆ ಇಡೀ ವೈರಿಂಗ್ ಕಿತ್ತು ಹೊಸದಾಗಿ ಎಳೆದವನೂ ಇದನ್ನೇ. ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಸ್ವಂತ ವಸ್ತುವನ್ನು ಸ್ವಂತ ಕೈಯಿಂದ ಸರಿಮಾಡಿಕೊಳ್ಳುವುದು ಸ್ವಾತಂತ್ರ್ಯದ ಒಂದು ರೂಪವೇ. ಆದರೆ ಹದಿನೈದು ವರ್ಷಗಳಿಂದ ಭಾನುವಾರ ಬೆಳಿಗ್ಗೆಗಳನ್ನು ಪುಣೆಯ ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಕೈ ಮಸಿ ಮಾಡಿಕೊಳ್ಳುತ್ತ ಕಳೆದ ಮೇಲೆ, ಆ ವಾಕ್ಯದ ಮೂರು 'ನನ್ನ'ಗಳಲ್ಲಿ ಮೊದಲನೆಯದರ ಬಗ್ಗೆಯೇ ನನಗೆ ಅನುಮಾನ ಶುರುವಾಗಿದೆ.

ನನ್ನ ಬಳಿ ಇರುವುದು 1997ರ ಬುಲೆಟ್ 350. ಎರಕದ ಕಬ್ಬಿಣದ ಸಿಲಿಂಡರು, 346 ಸಿಸಿ, ನಾಲ್ಕು ಗೇರು, 18 ಅಶ್ವಶಕ್ತಿ. ಇಷ್ಟು ಶಕ್ತಿಯನ್ನು ಇವತ್ತು ಕಾಲೇಜು ಹುಡುಗರ 155 ಸಿಸಿ ಬೈಕೇ ಕೊಡುತ್ತದೆ. ಆದರೆ 70 ಮಿ.ಮೀ. ಅಗಲದ ಪಿಸ್ಟನ್ನು 90 ಮಿ.ಮೀ. ಉದ್ದ ಓಡಾಡುವುದರಿಂದ ಇದರ ನಡಿಗೆಯೇ ಬೇರೆ. ಗಂಟೆಗೆ 70 ಕಿ.ಮೀ. ವೇಗದಲ್ಲಿ ದಿನವಿಡೀ ಹೋಗುತ್ತದೆ, 90ಕ್ಕೆ ಒತ್ತಾಯಿಸಿದರೆ ಮುನಿಸಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ, ನಮ್ಮ ಸೈನ್ಯದ ಬೇಡಿಕೆಯ ನೆಪದಲ್ಲಿ 1955ರಲ್ಲಿ ಮದರಾಸಿಗೆ ಬಂದ ವಿನ್ಯಾಸವಿದು. ತವರಿನ ಕಾರ್ಖಾನೆ ಮುಚ್ಚಿಹೋದ ಮೇಲೂ ಇಲ್ಲಿ ಅರ್ಧ ಶತಮಾನ, ಮೂಲದಲ್ಲಿ ಹೆಚ್ಚೇನೂ ಬದಲಾಗದೆ ತಯಾರಾಗುತ್ತಲೇ ಇತ್ತು. ಹಾಗಾಗಿ ಬಿಡಿಭಾಗಕ್ಕೆ ಬರವಿಲ್ಲ. ಇಲ್ಲಿಯ ನಾನಾ ಪೇಟೆಯಲ್ಲೋ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ, ದಿಲ್ಲಿಯ ಕರೋಲ್ ಬಾಗಿನಲ್ಲೋ ಅರ್ಧ ದಿನ ಅಲೆದರೆ ಬೇಕಾದ್ದು ಸಿಗುತ್ತದೆ. ಅಂದರೆ ಗಾಡಿ ಸುಲಭಕ್ಕೆ ಸಾಯುವುದಿಲ್ಲ. ಒಡೆಯರು ಬದಲಾಗುತ್ತಾರೆ, ಊರು ಬದಲಾಗುತ್ತದೆ, ಪ್ಲೇಟಿನ ಮೇಲೆ ಕೆಎ 25 ಹೋಗಿ ಎಂಎಚ್ 12 ಬರುತ್ತದೆ. (ಆ ಎನ್‌ಒಸಿ ಪುರಾಣ ಹೊರರಾಜ್ಯದ ಕನ್ನಡಿಗರಿಗೆ ಹೊಸದಲ್ಲ, ಬಿಡಿ.) ನಾನು ಇದರ ಮೂರನೆಯ ಒಡೆಯ. ಕೊನೆಯವನಾಗಿರುವ ಸಾಧ್ಯತೆ ಕಡಿಮೆ.

ಒಂದೊಂದೇ ಭಾಗ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಅದೇ ಗಾಡಿಯೇ ಎಂಬ ಹಳೆಯ ತತ್ವಶಾಸ್ತ್ರದ ಒಗಟು ಇಲ್ಲಿ ನೆನಪಾಗುವುದು ಸಹಜ. ಗ್ರೀಕರು ಹಡಗಿನ ಉದಾಹರಣೆ ಕೊಟ್ಟು ಶತಮಾನಗಟ್ಟಲೆ ತಲೆ ಕೆಡಿಸಿಕೊಂಡರು. ನಮ್ಮ ಆರ್‌ಟಿಒ ಅದನ್ನು ಚಾಸಿ ನಂಬರಿನಿಂದ ಬಗೆಹರಿಸಿದೆ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಲು ಹೋದಾಗ ಅವರು ಪೆನ್ಸಿಲ್ ಉಜ್ಜಿ ನೋಡುವುದು ಆ ಅಂಕಿಗಳನ್ನೇ ಹೊರತು ಗಾಡಿಯ ಆತ್ಮವನ್ನಲ್ಲ. ನನಗೂ ಆ ಒಗಟಿನಲ್ಲಿ ಆಸಕ್ತಿ ಕಡಿಮೆ. ನನ್ನನ್ನು ಕಾಡುವ ಪ್ರಶ್ನೆ ಇನ್ನೊಂದು: ನಾನು ಬಿಗಿದ ನಟ್ಟನ್ನು ಮುಂದೊಂದು ದಿನ ಬಿಚ್ಚುವವನಿಗೆ, ನಾನು ಎಂದೂ ನೋಡದ ಆ ಮನುಷ್ಯನಿಗೆ, ನಾನು ಏನಾದರೂ ಬಾಕಿ ಇದ್ದೇನೆಯೇ?

ಗಾಡಿ ಕೊಂಡ ವರ್ಷದ ಬೇಸಿಗೆಯಲ್ಲಿ ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆ. ಕೊಲ್ಹಾಪುರ ದಾಟಿ, ನಿಪ್ಪಾಣಿ ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗ, ಕತ್ತಲಾದ ಮೇಲೆ, ಹೆಡ್‌ಲೈಟು ಹಾರ್ನು ಎಲ್ಲ ಒಟ್ಟಿಗೆ ಸತ್ತು ಎಂಜಿನ್ನೂ ನಿಂತಿತು. ಒಂದು ಧಾಬಾದ ಟ್ಯೂಬ್‌ಲೈಟಿನ ಕೆಳಗೆ ತಳ್ಳಿಕೊಂಡು ಹೋಗಿ ಬಿಚ್ಚಿ ನೋಡಿದರೆ, ಒಳಗಿದ್ದ ಅಷ್ಟೂ ವೈರುಗಳು ಕಪ್ಪು. ಕಾರ್ಖಾನೆಯಿಂದ ಬರುವಾಗ ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣವಿರುತ್ತದೆ. ಹಿಂದಿನ ಯಾರೋ ಅದನ್ನೆಲ್ಲ ಕಿತ್ತುಹಾಕಿ ಒಂದೇ ಸುರುಳಿಯ ಕಪ್ಪು ವೈರಿನಿಂದ ಇಡೀ ಗಾಡಿಯನ್ನು ಮತ್ತೆ ಹೆಣೆದಿದ್ದರು. ಫ್ಯೂಸ್ ಇರಬೇಕಾದ ಜಾಗದಲ್ಲಿ ತಾಮ್ರದ ಎಳೆ ಸುತ್ತಿತ್ತು. ಊಟಕ್ಕೆ ನಿಂತಿದ್ದ ಲಾರಿಯ ಕ್ಲೀನರ್ ಒಬ್ಬ ತನ್ನ ಟೆಸ್ಟ್ ಲ್ಯಾಂಪ್ ಹಿಡಿದು ಜೊತೆಗೆ ಕೂತ. ಪೆಟ್ರೋಲ್ ಟ್ಯಾಂಕಿನ ಕೆಳಗೆ ಬಿಟ್ಟುಹೋಗಿದ್ದ ಒಂದು ಜೋಡಣೆ ಹುಡುಕಲು ಎರಡೂವರೆ ಗಂಟೆ ಬೇಕಾಯಿತು, ಸರಿಮಾಡಲು ಎರಡು ನಿಮಿಷ. ಅದಕ್ಕೂ ಮುಂಚೆ ಎಷ್ಟು ಮೆಕ್ಯಾನಿಕ್ಕುಗಳು ಇದೇ ಗಾಡಿಯಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರೋ! ಹಿಂದಿನವರು ಕೊಟ್ಟ ಬಿಲ್ಲುಗಳ ಕಟ್ಟಿನಲ್ಲಿ ಒಂದೇ ವರ್ಷದಲ್ಲಿ ಕೊಂಡ ಎರಡು ಬ್ಯಾಟರಿಗಳ ರಸೀದಿ ಇದ್ದವು.

ಆ ರಾತ್ರಿ ನನ್ನ ಗಮನಕ್ಕೆ ಬಂದ ವಿಚಿತ್ರವೆಂದರೆ, ಆ ಕಪ್ಪು ವೈರಿನ ಮನುಷ್ಯ ಕೆಲಸಗೇಡಿಯಾಗಿರಲಿಲ್ಲ. ಬೆಸುಗೆಗಳು ಅಚ್ಚುಕಟ್ಟಾಗಿದ್ದವು. ಒಂದನ್ನು ಬಿಟ್ಟರೆ ಉಳಿದ ಎಲ್ಲ ಜೋಡಣೆಗಳೂ ಇವತ್ತಿಗೂ ಗಟ್ಟಿಯಾಗಿರುತ್ತಿದ್ದವೇನೋ. ಯಾವ ಕಪ್ಪು ವೈರು ಎಲ್ಲಿಗೆ ಹೋಗುತ್ತದೆ ಎಂಬುದು ಆತನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿದ್ದಿರಬೇಕು. ಆದರೆ ಆ ಜ್ಞಾನವೆಲ್ಲ ಆತನ ತಲೆಯಲ್ಲಿತ್ತು, ಗಾಡಿಯಲ್ಲಿರಲಿಲ್ಲ. ತನಗೊಬ್ಬನಿಗೇ ಗೊತ್ತಿರುವ ಲಿಪಿಯಲ್ಲಿ ಪತ್ರ ಬರೆದು, ಗಾಡಿಯ ಜೊತೆ ಮಾರಿ ಹೋಗಿಬಿಟ್ಟಿದ್ದ. ಆತನಿಗೆ ನೈಪುಣ್ಯದ ಕೊರತೆಯಿತ್ತು ಎನ್ನಲಾರೆ. ತನ್ನ ನಂತರವೂ ಜನ ಇರುತ್ತಾರೆ ಎಂಬ ಕಲ್ಪನೆಯ ಕೊರತೆಯಿತ್ತು. ಇದನ್ನು ನೈತಿಕ ದೋಷ ಎನ್ನಬಹುದೇ? ಎನ್ನಬಹುದು ಎಂಬ ಕಡೆಗೆ ನಾನು ನಿಧಾನವಾಗಿ ವಾಲಿದ್ದೇನೆ.

ನಮ್ಮ ಕಸುಬಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಇಪ್ಪತ್ತು ವರ್ಷ ಹಳೆಯ ಸಾಫ್ಟ್‌ವೇರಿನೊಳಗೆ ಇಳಿದವರೆಲ್ಲ ಒಂದಲ್ಲ ಒಂದು ದಿನ ಕಪ್ಪು ವೈರಿನ ಮನುಷ್ಯನನ್ನು ಭೇಟಿಯಾಗಿರುತ್ತಾರೆ. ಕೆಲಸ ಮಾಡುವ, ಆದರೆ ಯಾಕೆ ಕೆಲಸ ಮಾಡುತ್ತದೆಂದು ಯಾರಿಗೂ ಗೊತ್ತಿಲ್ಲದ ನಾಲ್ಕು ನೂರು ಸಾಲು. ಮೇಲ್ಗಡೆ 'ತಾತ್ಕಾಲಿಕ, ಮುಂದಿನ ವಾರ ಸರಿಪಡಿಸಬೇಕು' ಎಂಬ ಷರಾ. ಬರೆದವನು ಈಗ ಸಿಯಾಟಲ್‌ನಲ್ಲಿ. ನಾವು ಅದನ್ನು ನೋಡಿ ನಕ್ಕು ಬಯ್ಯುತ್ತೇವೆ, ಆಮೇಲೆ ನಾವೂ ಮುಟ್ಟದೆ ಬಿಡುತ್ತೇವೆ. ಅಲ್ಲಿ ನಷ್ಟವಾಗುವುದು ಕಂಪನಿಯ ದುಡ್ಡು, ನಮ್ಮ ಶನಿವಾರ. ಮೋಟಾರ್‌ಸೈಕಲ್ಲಿನಲ್ಲಿ ಪಣಕ್ಕಿರುವುದು ಮೊಣಕಾಲು, ತಲೆ, ಹಿಂದೆ ಕೂತವರು.

ಮೋಟಾರ್‌ಸೈಕಲ್ ರಿಪೇರಿಯ ತಾತ್ವಿಕತೆ ಅಂದ ಕೂಡಲೇ ರಾಬರ್ಟ್ ಪಿರ್ಸಿಗ್‌ನ 1974ರ ಪುಸ್ತಕ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್' ಬಂದೇ ಬರುತ್ತದೆ. ಅದರಲ್ಲೊಂದು ಪ್ರಸಂಗವಿದೆ. ಗೆಳೆಯನ ಬಿಎಂಡಬ್ಲ್ಯು ಬೈಕಿನ ಹ್ಯಾಂಡಲ್ ಸಡಿಲವಾಗಿ ಜಾರುತ್ತಿರುತ್ತದೆ. ಖಾಲಿ ಬಿಯರ್ ಡಬ್ಬಿಯಿಂದ ಒಂದು ತಗಡಿನ ಪಟ್ಟಿ ಕತ್ತರಿಸಿ ಹಿಡಿಕೆಯೊಳಗೆ ತುರುಕಿದರೆ ಸರಿಹೋಗುತ್ತದೆ ಎಂದು ನಿರೂಪಕ ಹೇಳುತ್ತಾನೆ. ಗೆಳೆಯನಿಗೆ ಅವಮಾನವಾದಂತಾಗುತ್ತದೆ: ನನ್ನ ದುಬಾರಿ ಜರ್ಮನ್ ಗಾಡಿಗೆ ಬಿಯರ್ ಡಬ್ಬಿಯೇ! ಎಂಎಸ್ಸಿ ಓದುತ್ತಿದ್ದ ಗೆಳೆಯನೊಬ್ಬನಿಂದ ಈ ಪುಸ್ತಕ ತಂದು ಓದಿದಾಗ ನಾನು ಪೂರ್ತಿ ನಿರೂಪಕನ ಪಕ್ಷದಲ್ಲಿದ್ದೆ. ಅಲ್ಯೂಮಿನಿಯಂ ಮೆದು, ತುಕ್ಕು ಹಿಡಿಯುವುದಿಲ್ಲ, ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಬೇಡ. ಈಗಲೂ ಅದೇ ಪಕ್ಷ, ಆದರೆ ಕಾರಣ ಬೇರೆ. ಪಿರ್ಸಿಗ್‌ನ ಚಿಂತೆಯೆಲ್ಲ ರಿಪೇರಿ ಮಾಡುವವನ ಮನಸ್ಸಿನ ಗುಣಮಟ್ಟದ ಮೇಲೆ, ಅವನಿಗೂ ಯಂತ್ರಕ್ಕೂ ಇರುವ ಸಂಬಂಧದ ಮೇಲೆ. ಆ ಚಿತ್ರದಲ್ಲಿ ಮೂರನೆಯವನೊಬ್ಬ ಇಲ್ಲ. ನಾನು ಆ ಮೂರನೆಯವನನ್ನು ಕರೆತಂದು ಕೇಳುತ್ತೇನೆ: ಹತ್ತು ವರ್ಷದ ನಂತರ ಆ ಹ್ಯಾಂಡಲ್ ಬಿಚ್ಚಿದವನಿಗೆ ಏನು ಕಾಣುತ್ತದೆ? ಒಂದು ತಗಡಿನ ಪಟ್ಟಿ. ಅದು ಯಾಕಿದೆ ಎಂದು ಅರೆಗಳಿಗೆಯಲ್ಲಿ ತಿಳಿಯುತ್ತದೆ. ಬೇಡವೆನಿಸಿದರೆ ತೆಗೆದು ಎಸೆಯಬಹುದು, ಮೂಲ ಭಾಗಕ್ಕೆ ಏನೂ ಆಗಿರುವುದಿಲ್ಲ. ಬಿಯರ್ ಡಬ್ಬಿ ಪಾಸು.

ಹೀಗೆ ನೋಡಿದರೆ ನಮ್ಮಲ್ಲಿ ನಡೆಯುವ 'ಒರಿಜಿನಲ್' ಮತ್ತು 'ಮಾಡಿಫೈಡ್' ಜಗಳ ಅರ್ಧ ಹುಸಿ ಅನಿಸುತ್ತದೆ. ಕಾರ್ಖಾನೆಯಿಂದ ಬಂದದ್ದೆಲ್ಲ ಪವಿತ್ರವಲ್ಲ. ಕಾರ್ಖಾನೆಯವರೇ ವರ್ಷ ವರ್ಷ ತಿದ್ದುತ್ತ ಬಂದಿದ್ದಾರೆ. ತಿದ್ದುಪಡಿಯನ್ನು ಅಪರಿಚಿತನೊಬ್ಬ ಓದಬಲ್ಲನೇ, ಬೇಡವಾದರೆ ಹಿಂದಕ್ಕೆ ತೆಗೆದುಕೊಳ್ಳಬಲ್ಲನೇ ಎಂಬುದು ಮುಖ್ಯ. ದೂರದ ಪ್ರಯಾಣಕ್ಕೆ ಪಕ್ಕದ ಚೀಲ ತೂಗಲು ನಾನು ಹಾಕಿರುವ ಕಬ್ಬಿಣದ ಚೌಕಟ್ಟು ಇದ್ದ ತೂತುಗಳಿಗೇ ಕೂರುತ್ತದೆ, ನಾಲ್ಕು ಬೋಲ್ಟ್ ಬಿಚ್ಚಿದರೆ ಗುರುತೂ ಉಳಿಯದು. ಇನ್ನೊಬ್ಬರು ಅದೇ ಚೌಕಟ್ಟಿಗಾಗಿ ಗಾಡಿಯ ಫ್ರೇಮಿಗೆ ಗ್ರೈಂಡರ್ ಹಿಡಿದು ಕಿವಿ ಕತ್ತರಿಸಿ ಬೆಸುಗೆ ಹಾಕಿಸಿದ್ದರು. ಎರಡೂ ಒಂದೇ ಭಾರ ಹೊರುತ್ತವೆ. ಆದರೆ ಗ್ರೈಂಡರಿನ ಕಿಡಿ ಹಾರುವಾಗ ಆ ಗೃಹಸ್ಥರು ತಮ್ಮ ನಂತರದ ಎಲ್ಲರ ಪರವಾಗಿ ಒಂದು ತೀರ್ಮಾನ ತೆಗೆದುಕೊಂಡುಬಿಟ್ಟರು, ಅವರನ್ನು ಕೇಳದೆ. ಕೇಳಲು ಸಾಧ್ಯವೂ ಇರಲಿಲ್ಲ, ಅಂಥಾದ್ದರಲ್ಲೇ ಕೈ ತಡೆಯಬೇಕಾಗುವುದು.

ಕಾನೂನು ಏನನ್ನುತ್ತದೆ ಎಂದು ಕೇಳುವವರಿಗೆ: ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳು ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಇಡೀ ಬೀದಿಯನ್ನು ಎಬ್ಬಿಸುವ ಸೈಲೆನ್ಸರು, ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ಬುರುಡೆಯೊಳಗೆ ಎಲ್‌ಇಡಿ ತುರುಕಿ ಎದುರಿನವರ ಕಣ್ಣು ಕುಕ್ಕಿಸುವ ದೀಪ, ಇವುಗಳ ಬಗ್ಗೆ ತಾತ್ವಿಕ ಚರ್ಚೆ ಬೇಕಿಲ್ಲ. ಮಜಾ ಒಬ್ಬನಿಗೆ, ಬಿಲ್ಲು ಊರಿಗೆ.

ಕಷ್ಟದ ಪ್ರಕರಣಗಳು ಬೇರೆ ಇವೆ. ಇಗ್ನಿಷನ್ ತೆಗೆದುಕೊಳ್ಳಿ. ನನ್ನ ಗಾಡಿಯ ಕಾಲದ ಬುಲೆಟ್ಟುಗಳಲ್ಲಿ ಕಿಡಿ ಹುಟ್ಟಿಸುವುದು ಕಾಂಟ್ಯಾಕ್ಟ್ ಪಾಯಿಂಟುಗಳು, ತೆರೆದು ಮುಚ್ಚುವ ಎರಡು ಪುಟ್ಟ ಲೋಹದ ತುಟಿಗಳು. ಅವು ಸವೆಯುತ್ತವೆ, ಕರಕಲಾಗುತ್ತವೆ, ನಡುವಿನ 0.4 ಮಿ.ಮೀ. ಆಸುಪಾಸಿನ ಸಂದು ಆಗಾಗ ತಪ್ಪುತ್ತದೆ. ಅದರ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಈ ತಲೆನೋವೇ ಇಲ್ಲ. ಚಳಿಯಲ್ಲೂ ಒಂದೇ ಕಿಕ್ಕಿಗೆ ಏಳುತ್ತದೆ. ಆದರೆ ಪಾಯಿಂಟು ಕೆಟ್ಟರೆ ಹಾನಗಲ್ಲಿನ ಅಂಗಡಿಯ ಮುದುಕ ಮೇಸ್ತ್ರಿ ಸಿಗರೇಟು ಪ್ಯಾಕಿನ ರಟ್ಟನ್ನು ನಡುವೆ ಇಟ್ಟು ಸಂದು ಸರಿಮಾಡಿ ಕಳಿಸುತ್ತಾನೆ. ಎಲೆಕ್ಟ್ರಾನಿಕ್ ಡಬ್ಬಿ ಸತ್ತರೆ ಯಾರ ಕೈಯಲ್ಲೂ ಏನೂ ಇಲ್ಲ, ಕೊರಿಯರ್ ಬರುವ ತನಕ ಲಾಡ್ಜು. ಅಂದರೆ ಆ ಬದಲಾವಣೆಯಿಂದ ಗಾಡಿಯಷ್ಟೇ ಬದಲಾಗಲಿಲ್ಲ, ನಮಗೆ ದಾರಿಯಲ್ಲಿ ನೆರವಾಗಬಲ್ಲ ಜನರ ವರ್ತುಲವೂ ಬದಲಾಯಿತು.

ಹಾಗಾದರೆ ಪಾಯಿಂಟೇ ಧರ್ಮವೇ? ಅಷ್ಟು ಸಲೀಸಲ್ಲ. ಆ ಮುದುಕ ಮೇಸ್ತ್ರಿಗಳು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅವರ ಅಂಗಡಿಯಲ್ಲಿ ಈಗ ಕೂತಿರುವ ಇಪ್ಪತ್ತೆರಡರ ಹುಡುಗ ಪಾಯಿಂಟನ್ನು ನೋಡಿಯೇ ಇಲ್ಲ. ಲ್ಯಾಪ್‌ಟಾಪ್ ಹಚ್ಚಿ ಇಂಜೆಕ್ಷನ್ ಗಾಡಿಯ ದೋಷ ಹೇಳಬಲ್ಲ, ರಟ್ಟಿನ ತುಂಡು ಕೊಟ್ಟರೆ ನಗುತ್ತಾನೆ. ಎಲ್ಲರಿಗೂ ಬರುತ್ತಿದ್ದ ಭಾಷೆ ನಾವು ನೋಡನೋಡುತ್ತಲೇ ಕೆಲವರ ಭಾಷೆಯಾಗುತ್ತಿದೆ. ಪುಣೆಯಲ್ಲಿ ಕನ್ನಡ ಮಾತಾಡುವ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ನಾನು ಎಲೆಕ್ಟ್ರಾನಿಕ್ ಹಾಕಿಸಿಕೊಂಡಿದ್ದೇನೆ. ಹಳೆಯ ಪಾಯಿಂಟ್ ಪ್ಲೇಟು, ಕಂಡೆನ್ಸರು, ತಿರುಗಿ ಕೂರಿಸುವ ಕ್ರಮ ಬರೆದ ಹಾಳೆ, ಮೂರನ್ನೂ ಒಂದು ಡಬ್ಬಿಯಲ್ಲಿ ಹಾಕಿ ಟೂಲ್‌ಬಾಕ್ಸಿನಲ್ಲಿಟ್ಟಿದ್ದೇನೆ. ಹಾಳೆ ಕನ್ನಡದಲ್ಲೂ ಹಿಂದಿಯಲ್ಲೂ ಇದೆ.

ಇನ್ನೊಂದು ಇದಕ್ಕಿಂತ ಬಿಗಿಯಾದ ಗಂಟು. ಹಳೇ ಬುಲೆಟ್ಟಿನ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಇವತ್ತಿನ ಎಲ್ಲ ಬೈಕುಗಳಲ್ಲೂ ಇದು ಉಲ್ಟಾ. ಮೊದಲ ಗೇರು ಮೇಲೆ, ಉಳಿದವು ಕೆಳಗೆ. ಅಂದರೆ ಹೊಸ ಬೈಕಿನಲ್ಲಿ ಕಲಿತವನು ಗಾಬರಿಯಲ್ಲಿ ಬಲಗಾಲನ್ನು ಜೋರಾಗಿ ಒತ್ತಿದರೆ ಗಾಡಿ ನಿಲ್ಲುವುದಿಲ್ಲ, ಮೇಲಿನ ಗೇರಿಗೆ ಹೋಗುತ್ತದೆ. ಇಂಜಿನಿಯರಿಂಗ್ ಓದಲು ಪುಣೆಗೆ ಬಂದಿರುವ ನನ್ನ ಅಕ್ಕನ ಮಗನಿಗೆ ಈ ಗಾಡಿಯ ಮೇಲೆ ಕಣ್ಣು. ಗೇರನ್ನು ಎಡಕ್ಕೆ ತರುವ ಜೋಡಣೆಗಳು ಪೇಟೆಯಲ್ಲಿ ಸಿಗುತ್ತವೆ. ಗೇರ್‌ಪೆಟ್ಟಿಗೆಯ ಹಿಂದಿನಿಂದ ಒಂದು ಅಡ್ಡ ಸರಳು ಹಾಯಿಸಿ ಲಿಂಕುಗಳಿಂದ ಎಳೆಯುತ್ತಾರೆ. ಕಂಪನಿಯೇ ಆಮೇಲಿನ ಐದು ಗೇರಿನ ಪೆಟ್ಟಿಗೆಯಲ್ಲಿ ಎಡಗಾಲಿಗೆ ಬಂತು. ಹಾಕಿಸಿಬಿಡಬೇಕೇ?

ಇಲ್ಲಿ ನನ್ನ ಸೂತ್ರ ಎರಡೂ ಕಡೆ ಎಳೆಯುತ್ತದೆ. ಅಪರಿಚಿತನಿಗೆ ಓದಲು ಬರಬೇಕು ಎಂದರೆ, ಇವತ್ತಿನ ಅಪರಿಚಿತನ ಕಾಲು ಎಡಗೇರಿನ ಕಾಲು. ಹಾಗಾದರೆ ಬದಲಿಸುವುದೇ ಸೌಜನ್ಯ. ಆದರೆ ಹಳೇ ಬುಲೆಟ್ ಎಂದು ನೋಡಿ ಹತ್ತುವ ಅನುಭವಿಯ ಕಾಲು ಬಲಗೇರನ್ನೇ ನಿರೀಕ್ಷಿಸುತ್ತದೆ. ಅವನಿಗೆ ಈ ಗಾಡಿ ಮೋಸ ಮಾಡಿದಂತಾಗುತ್ತದೆ. ಅಭ್ಯಾಸ ಎನ್ನುವುದು ದೇಹ ಮಾಡಿಕೊಂಡ ಒಂದು ಒಪ್ಪಂದ, ಅದನ್ನು ಬುದ್ಧಿ ಅಪಾಯದ ಗಳಿಗೆಯಲ್ಲಿ ಓದಿ ನೋಡುವುದಿಲ್ಲ. ಜೊತೆಗೆ ಆ ಲಿಂಕುಗಳಲ್ಲಿ ಸವೆತ ಬಂದಂತೆ ಗೇರು ಸುಳ್ಳು ಹೇಳಲು ಶುರುಮಾಡುತ್ತದೆ, ನ್ಯೂಟ್ರಲ್ಲಿಗೆ ಬಿದ್ದೂ ಬೀಳದಂತೆ ನಿಲ್ಲುತ್ತದೆ. ಕೊನೆಗೆ ನಾನು ಯಂತ್ರ ಬದಲಿಸಲಿಲ್ಲ. ಹುಡುಗ ನಾಲ್ಕು ಭಾನುವಾರ ಖಾಲಿ ಮೈದಾನದಲ್ಲಿ ಎಂಟು ಬರೆದ. ಅಕ್ಕ ಧಾರವಾಡದಿಂದ ಫೋನು ಮಾಡಿ "ಹೊಸಾ ಗಾಡಿ ಕೊಡ್ಸೋದು ಬಿಟ್ಟು ಏನ್ ಸರ್ಕಸ್ ನಡಸೀಯೋ" ಎಂದಳು. ಅವಳ ಮಾತಿನಲ್ಲೂ ನ್ಯಾಯವಿದೆ. ಆತ ಹೆದ್ದಾರಿಗೆ ಇಳಿಯುವುದು ಇನ್ನೂ ಬಾಕಿ, ಅದಕ್ಕೆ ನಾನೂ ಅವಸರ ಮಾಡುತ್ತಿಲ್ಲ.

ಬ್ರೇಕಿನ ವಿಷಯಕ್ಕೆ ಬಂದರೆ ಓದಬಲ್ಲ, ತೆಗೆಯಬಲ್ಲ ಎಂಬ ಮಾತುಗಳೆಲ್ಲ ಸಣ್ಣವಾಗುತ್ತವೆ. ಡ್ರಮ್ ಬ್ರೇಕಿನ ಶೂ ಬದಲಿಸುವುದು ದೊಡ್ಡ ವಿದ್ಯೆಯಲ್ಲ. ಆಕ್ಸಲ್ ನಟ್ಟನ್ನು ಬಿಗಿಯುವಾಗ ಬ್ರೇಕನ್ನು ಒತ್ತಿಹಿಡಿದಿರಬೇಕು, ಆಗ ಶೂಗಳು ಡ್ರಮ್ಮಿನ ನಡುವಿಗೆ ಸರಿದು ಕೂರುತ್ತವೆ. ಹಳೆಯ ಲೈನಿಂಗಿನ ಪುಡಿಯನ್ನು ಬಾಯಿಂದ ಊದಬಾರದು, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅದೇ ಪಾರ್ಕಿಂಗ್‌ನಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಇಷ್ಟೆಲ್ಲ ತಿಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಆಫೀಸಿನಲ್ಲಿ ತಾನು ಬರೆದ ಕೋಡನ್ನು ತಾನೇ ಒಪ್ಪಿ ಮುಂದೆ ಕಳಿಸಲು ನಾನು ಯಾರಿಗೂ ಬಿಡುವುದಿಲ್ಲ. ಎರಡನೆಯ ಕಣ್ಣು ಬೇಕೇ ಬೇಕು. ಭಾನುವಾರ ನಾನೊಬ್ಬನೇ ಕೂತು ಮಾಡಿದ ಬ್ರೇಕಿಗೆ ಎರಡನೆಯ ಕಣ್ಣು ಯಾರದು? ಹಿಂದೆ ಕೂರುವ ನನ್ನ ಹೆಂಡತಿ ಡ್ರಮ್ಮಿನೊಳಗೆ ನೋಡಿಲ್ಲ, ನೋಡುವ ಆಸೆಯೂ ಅವಳಿಗಿಲ್ಲ. "ಮುಗೀತಾ?" ಎಂದು ಕೇಳಿ ಹತ್ತುತ್ತಾಳೆ. ಆ ಒಂದು ಪದದ ಮೇಲೆ ಅವಳು ಇಡುವ ಭಾರ ನೆನೆದರೆ 'ನನ್ನ ಗಾಡಿ' ಎಂಬ ಮಾತು ಬಾಯಿಂದ ಹೊರಡುವುದಿಲ್ಲ. ಬ್ರೇಕು ಮುಟ್ಟಿದ ಮೇಲೆ ಮೊದಲ 50 ಕಿ.ಮೀ. ಒಬ್ಬನೇ ಹೋಗುವುದು ನನ್ನ ನಿಯಮ. ಆಮೇಲೆ ಒಮ್ಮೆ ಗ್ಯಾರೇಜಿನವನಿಗೆ ತೋರಿಸುವುದು. ಆತ ಎರಡು ನಿಮಿಷ ಚಕ್ರ ತಿರುಗಿಸಿ ನೋಡಿ ಚಹಾದ ದುಡ್ಡನ್ನೂ ತೆಗೆದುಕೊಳ್ಳುವುದಿಲ್ಲ. ಸ್ವಾವಲಂಬನೆಯ ಉತ್ಸಾಹಿಗಳಿಗೆ ಇದು ಸೋಲಿನಂತೆ ಕಾಣಬಹುದು, ಕಾಣಲಿ.

ಸಹೋದ್ಯೋಗಿಯೊಬ್ಬ ಇದನ್ನೆಲ್ಲ ಕೇಳಿ, ನೀನು ಅತಿ ಮಾಡುತ್ತೀಯ, ಸೆಕೆಂಡ್ ಹ್ಯಾಂಡ್ ಕೊಳ್ಳುವವನು ಅಪಾಯವನ್ನು ಲೆಕ್ಕ ಹಾಕಿಯೇ ಕಡಿಮೆ ಬೆಲೆ ಕೊಡುತ್ತಾನೆ, ಬಾಕಿಯೆಲ್ಲ ಅಲ್ಲಿಗೆ ಚುಕ್ತಾ ಎಂದ. ಚುಕ್ತಾ ಆಗುವುದು ಕಾಣುವ ದೋಷಗಳದ್ದು ಮಾತ್ರ. ಸೀಟು ಹರಿದಿದ್ದರೆ ಅವನು ಬೆಲೆ ಇಳಿಸುತ್ತಾನೆ. ಟ್ಯಾಂಕಿನ ಕೆಳಗಿನ ಕಪ್ಪು ವೈರಿಗೆ ಯಾವ ಬೆಲೆ ಇಳಿಸಬೇಕೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಈ ವಾದ ನಿಜವಾಗಿ ಪರೀಕ್ಷೆಗೆ ಬಿದ್ದದ್ದು ಇಲ್ಲಿಯ ಕನ್ನಡಿಗ ಮಿತ್ರರೊಬ್ಬರು ತಮ್ಮ ಬುಲೆಟ್ ಮಾರಲು ಹೊರಟಾಗ. ಅದರ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಮರೆ ಸವೆದುಹೋಗಿತ್ತು. ತೂತನ್ನು ಹಿರಿದಾಗಿ ಕೊರೆದು, ಹೊಸ ಮರೆ ಮಾಡಿ, ಒಳಗೆ ಉಕ್ಕಿನ ಸುರುಳಿ ಕೂರಿಸಿ ಸರಿಮಾಡಿದ್ದರು. ಇದು ಒಪ್ಪಿತ ವಿಧಾನ. ಚೆನ್ನಾಗಿ ಕೂರಿಸಿದರೆ ಮೂಲ ಮರೆಗಿಂತ ಗಟ್ಟಿ. ಕೊಳ್ಳಲು ಬಂದವನು ವಿಜಯಪುರ ಕಡೆಯ ವಿದ್ಯಾರ್ಥಿ, ಕೂಡಿಟ್ಟ ದುಡ್ಡು. ಹೇಳಬೇಕೇ? "ಮೊದ್ಲಿಗಿಂತ ಚೆನ್ನಾಗೇ ಇದೆ. ಹೇಳಿದ್ರೆ ಹೆದರ್ತಾನೆ, ಸುಮ್ನೆ ಐದು ಸಾವಿರ ಇಳಿಸ್ತಾನೆ. ಇಲ್ಲದ ದೋಷಕ್ಕೆ ನಾನ್ಯಾಕೆ ದಂಡ ಕಟ್ಲಿ?" ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ದೋಷವಿದೆ ಎಂಬ ಕಾರಣಕ್ಕೆ ಹೇಳಬೇಕೆಂದು ನಾನೂ ಅನ್ನಲಿಲ್ಲ. ಗೊತ್ತಿಲ್ಲದ ಮೆಕ್ಯಾನಿಕ್ ಬಿಸಿ ಎಂಜಿನ್ನಿನಿಂದ ಪ್ಲಗ್ ಕಿತ್ತರೆ ಸುರುಳಿಯೂ ಜೊತೆಗೆ ಬಂದುಬಿಡಬಹುದು. ಆಗ ಅವನು ಹೆಡ್ಡೇ ಹೋಯಿತು ಎಂದು ಹೊಸದಕ್ಕೆ ಚೀಟಿ ಬರೆಯುತ್ತಾನೆ, ಹುಡುಗ ನಂಬುತ್ತಾನೆ. ಎರಡು ವಾರ ಈ ವಾಗ್ವಾದ ನಡೆಯಿತು. ಅವರು ಕೊನೆಗೆ ಹೇಳಿದ್ದು ಹೌದು, ಆದರೆ ದುಡ್ಡು ಖಾತೆಗೆ ಬಂದ ಮೇಲೆ, ವಾಟ್ಸ್ಯಾಪಿನಲ್ಲಿ, ಫೋಟೋ ಸಮೇತ. ಅದನ್ನು ಪ್ರಾಮಾಣಿಕತೆ ಎನ್ನಬೇಕೋ ಜಾಣತನ ಎನ್ನಬೇಕೋ ನಮ್ಮಿಬ್ಬರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನನಗಂತೂ ಕ್ರಮ ತಿರುಗುಮುರುಗಾಯಿತು ಅನಿಸುತ್ತದೆ. ಅವರು ಕಳಿಸಿದ ಹುಡುಗನ ಉತ್ತರ ನನ್ನ ಫೋನಿನಲ್ಲೂ ಇದೆ. ಬೆಲೆಯ ಮಾತೇ ಅದರಲ್ಲಿಲ್ಲ. "ಸರ, ಹಂಗಾರ ಪ್ಲಗ್ ಎಷ್ಟ್ ಬಿಗೀಬೇಕ್ರಿ?" ಎಂದು ಕೇಳಿದ್ದ. ಎಂಜಿನ್ ಪೂರ್ತಿ ತಣಿದ ಮೇಲೆ ಮಾತ್ರ ಕೈ ಹಾಕು, ಕೊನೆಯ ತನಕ ಬೆರಳಲ್ಲೇ ತಿರುಗಿಸು, ಹೊಸ ವಾಷರ್ ಕೂತಿತು ಅನಿಸಿದ ಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು, ಅಷ್ಟೇ ಎಂದು ನಾವಿಬ್ಬರೂ ಕೂತು ಬರೆದು ಕಳಿಸಿದೆವು.